ಅಪ್‌ಡೇಟ್: ಕತ್ತಲೆ ರೂಮಿನ ಝೀಝೀ ಪ್ಲಾಂಟ್ ಬದುಕಿತು

ಎರಡು ತಿಂಗಳ ಹಿಂದೆ ಕೇಳಿದ್ದೆನಲ್ಲ, ಉತ್ತರಕ್ಕೆ ಒಂದೇ ಕಿಟಕಿ ಇರುವ ರೂಮಿನಲ್ಲಿ ಝೀಝೀ ಪ್ಲಾಂಟ್ ಎಂಬ ಒಳಾಂಗಣ ಗಿಡದ ಎಲೆ ಹಳದಿಯಾಗಿ ಉದುರುತ್ತಿದೆ, ಬೆಳಕು ಸಾಲದೇ ಹೀಗಾಗಿದೆಯಾ ಅಂತ? ಹೆಚ್ಚಿನವರು "ನೀರು ಜಾಸ್ತಿ ಆಗಿದೆ, ಬುಡ ಬಿಡಿಸಿ ನೋಡಿ" ಅಂದಿದ್ದಿರಿ. ನಾನು ನಂಬಿರಲಿಲ್ಲ. ವಾರಕ್ಕೆ ಒಂದೇ ಲೋಟ, ಅದೂ ಜಾಸ್ತಿಯಾ?

ಜಾಸ್ತಿಯೇ ಆಗಿತ್ತು. ಕುಂಡ ಬೋರಲು ಹಾಕಿ ಗಿಡ ಎಳೆದರೆ ಮಣ್ಣು ಮುದ್ದೆ ಥರ ಅಂಟಿಕೊಂಡಿತ್ತು. ಇದರ ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆ ಇರುತ್ತದೆ, ನೀರನ್ನು ಅಲ್ಲೇ ಕೂಡಿಟ್ಟುಕೊಳ್ಳುತ್ತದೆ. ನಾಲ್ಕರಲ್ಲಿ ಎರಡು ಗೆಡ್ಡೆ ಕಂದಾಗಿ, ಬೆರಳಿಟ್ಟರೆ ಪಿಚಕ್ ಅನ್ನುತ್ತಿದ್ದವು. ವಾಸನೆಯಂತೂ ಕೇಳಬೇಡಿ. ಅವನ್ನು ಕತ್ತರಿಸಿ ಎಸೆದೆ. ಉಳಿದದ್ದನ್ನು ಎರಡು ದಿನ ಆರಲು ಬಿಟ್ಟು, ಪರ್ಲೈಟ್ (ನೀರು ಬಸಿಯಲು ಹಾಕುವ ಹಗುರ ಬಿಳಿ ಹರಳು) ಬೆರೆಸಿದ ಸಡಿಲ ಮಣ್ಣು ತುಂಬಿದ ಚಿಕ್ಕ ಕುಂಡದಲ್ಲಿ ನೆಟ್ಟೆ. (ರಸ ತಾಗಿದರೆ ಕೈ ಕೆರೆಯಬಹುದು, ಗ್ಲೌಸ್ ಹಾಕಿಕೊಳ್ಳಿ.)

ಈಗ ಕಡ್ಡಿ ಚುಚ್ಚಿ ನೋಡಿ, ತಳದವರೆಗೂ ಒಣಗಿದ್ದರೆ ಮಾತ್ರ ನೀರು. ಇಷ್ಟು ದಿನದಲ್ಲಿ ಮೂರೇ ಸಲ. ಬೆಳಕು ಕಮ್ಮಿ ಇದ್ದರೆ ಗಿಡ ನೀರು ಕುಡಿಯುವುದೂ ಕಮ್ಮಿ ಅಲ್ವಾ, ಇಷ್ಟು ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ. ಮೂಲೆಯಲ್ಲಿದ್ದ ಕುಂಡವನ್ನು ಕಿಟಕಿಯ ಹತ್ತಿರ ತಂದೆ, ಎಲೆಯ ಧೂಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಹೋದ ವಾರ ಒಂದು ಚಿಗುರು ಮೇಲೆದ್ದಿದೆ, ತಿಳಿ ಹಸಿರು, ಮೊಳೆಯ ಹಾಗೆ ಚೂಪು. ದಿನಾ ಬೆಳಿಗ್ಗೆ ಸುಮ್ನೆ ಹೋಗಿ ನೋಡಿ ಬರುತ್ತೇನೆ.

ಅದರ ಪಕ್ಕದಲ್ಲಿಟ್ಟ ಮನಿಪ್ಲಾಂಟ್ ಬಳ್ಳಿ ಮಾತ್ರ ಎಲೆಯ ಹಳದಿ ಚಿತ್ತಾರ ಕಳೆದುಕೊಂಡು ಪೂರ್ತಿ ಹಸಿರಾಗುತ್ತಿದೆ. ಅದಕ್ಕೆ ನಿಜವಾಗಿಯೂ ಬೆಳಕೇ ಸಾಲದು. ಕಿಟಕಿ ಕಟ್ಟೆಗೇ ಏರಿಸಿದ್ದೇನೆ.