‘ಎರಡನೇ ದರ್ಜೆಯ ವಾರಸುದಾರ’: ಈ ಬಳಕೆ ಸರಿಯೇ?

ಗೆಳೆಯರೇ,

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅನುಸೂಚಿಯಲ್ಲಿ ವಾರಸುದಾರರನ್ನು ‘ಕ್ಲಾಸ್ ಒಂದು’, ‘ಕ್ಲಾಸ್ ಎರಡು’ ಎಂದು ವಿಂಗಡಿಸಲಾಗಿದೆ. ಕನ್ನಡದಲ್ಲಿ ಇದಕ್ಕೆ ‘ವರ್ಗ’ ಎನ್ನುವವರೂ ಇದ್ದಾರೆ, ‘ದರ್ಜೆ’ ಎನ್ನುವವರೂ ಇದ್ದಾರೆ. ನನ್ನ ತಕರಾರು ‘ದರ್ಜೆ’ಯ ಬಗ್ಗೆ.

ದರ್ಜೆ ಎಂದ ಕೂಡಲೇ ಮನಸ್ಸಿಗೆ ಬರುವುದು ಮೇಲು ಕೀಳು. ಮೊದಲ ದರ್ಜೆಗೆ ದೊಡ್ಡ ಪಾಲು, ಎರಡನೆಯದಕ್ಕೆ ಸ್ವಲ್ಪ ಚಿಕ್ಕದು ಎಂದು ಓದುವವರು ತಿಳಿಯುತ್ತಾರೆ. ಕಾಯ್ದೆ ಹೇಳುವುದೇ ಬೇರೆ. ಮೊದಲ ಪಟ್ಟಿಯಲ್ಲಿ ಒಬ್ಬರೇ ಉಳಿದಿದ್ದರೂ ಎರಡನೇ ಪಟ್ಟಿಯವರಿಗೆ ಏನೂ ಬರುವುದಿಲ್ಲ.

ಮಗನನ್ನು ಕಳೆದುಕೊಂಡ ಮನೆಯಲ್ಲಿ ಈ ಗೊಂದಲ ನಿಜಕ್ಕೂ ನೋವು ಕೊಡುತ್ತದೆ. ಮಗ ಉಯಿಲು ಬರೆಯದೆ ತೀರಿಕೊಂಡರೆ ತಾಯಿಯ ಹೆಸರು ಮೊದಲ ಪಟ್ಟಿಯಲ್ಲೇ ಇದೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದರೆ ಅವನ ಆಸ್ತಿ ನಾಲ್ಕು ಸಮಪಾಲು. ತಂದೆ ಇರುವುದು ಎರಡನೇ ಪಟ್ಟಿಯಲ್ಲಿ. ಮಗನಿಗೆ ಮದುವೆಯೇ ಆಗಿರಲಿಲ್ಲ ಎನ್ನಿ, ಆಗಲೂ ಅವನ ಸ್ವಯಾರ್ಜಿತವೆಲ್ಲ ತಾಯಿಗೇ, ತಂದೆಗೆ ಪಾಲಿಲ್ಲ. ತಾಯಿಯೂ ಇಲ್ಲ, ಮೊದಲ ಪಟ್ಟಿಯ ಬೇರೆ ಯಾರೂ ಇಲ್ಲ ಎಂದಾಗ ಅದೇ ತಂದೆಗೆ ಇಡೀ ಆಸ್ತಿ, ಮೃತನ ಅಣ್ಣತಮ್ಮಂದಿರಿಗಿಂತ ಮೊದಲು. ಎಲ್ಲವೂ ಬರಬಹುದು, ಏನೂ ಬರದಿರಬಹುದು. ಇದನ್ನು ‘ದರ್ಜೆ’ ಹೇಗೆ ಹೇಳೀತು?

‘ತಂದೆತಾಯಿ’ ಎಂಬ ಜೋಡುಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ‘ತಂದೆತಾಯಿಗೆ ಹಕ್ಕಿದೆಯೇ’ ಎಂದು ಕೇಳಿದರೆ ಇದೆ ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಈ ಪ್ರಶ್ನೆ ಹೊಸದೇನಲ್ಲ. ಗಂಡುಮಕ್ಕಳಿಲ್ಲದವನ ವಾರಸುದಾರರನ್ನು ಎಣಿಸುವಾಗ ಯಾಜ್ಞವಲ್ಕ್ಯ ಸ್ಮೃತಿ ತಂದೆ ತಾಯಿ ಇಬ್ಬರಿಗೂ ಸೇರಿಸಿ ‘ಪಿತರೌ’ ಎಂಬ ಒಂದೇ ಪದ ಬಳಸುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ, ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರ ಆ ಪದವನ್ನು ಬಿಡಿಸಿದ. ಸಮಾಸವನ್ನು ಬಿಡಿಸಿ ಹೇಳುವ ವಿಗ್ರಹವಾಕ್ಯದಲ್ಲಿ ತಾಯಿ ಮೊದಲು ಬರುತ್ತಾಳೆ, ಮಗನಿಗೆ ಹೆಚ್ಚು ಹತ್ತಿರದವಳೂ ಅವಳೇ, ಆದ್ದರಿಂದ ಹಕ್ಕು ಮೊದಲು ತಾಯಿಗೆ ಎಂದ. ನಮ್ಮ ನೆಲದಲ್ಲೇ ನಡೆದ ಇಂಥ ಪದಚರ್ಚೆಯೊಂದು ಎಷ್ಟೋ ಮನೆಗಳ ಆಸ್ತಿಯನ್ನು ನಿರ್ಧರಿಸಿತು ಎಂಬುದು ನನಗೆ ಬೆರಗು ಮೂಡಿಸುತ್ತದೆ.

ಅಂದಹಾಗೆ, ಕಾಯ್ದೆಯ ಈ ‘ತಾಯಿ’ಯಲ್ಲಿ ಮಲತಾಯಿ ಸೇರುವುದಿಲ್ಲ. ಆಕೆಗೆ ‘ತಂದೆಯ ವಿಧವೆ’ ಎಂದು ಎರಡನೇ ಪಟ್ಟಿಯಲ್ಲಿ ಬೇರೆ ಜಾಗವಿದೆ.

ಇನ್ನೊಂದು ಮಾತು. ‘ವಾರಸುದಾರ’ ಮತ್ತು ‘ಅವಲಂಬಿತ’ ಪದಗಳನ್ನು ಒಂದರ ಬದಲು ಇನ್ನೊಂದರಂತೆ ಬಳಸಬಾರದು. ಪಾಲು ಸಿಗದ ತಂದೆಗೆ ತನ್ನನ್ನು ತಾನು ಸಾಕಿಕೊಳ್ಳುವ ಶಕ್ತಿ ಇಲ್ಲದಿದ್ದರೆ, ಮಗನ ಆಸ್ತಿ ಪಡೆದವರಿಂದ ಆ ಆಸ್ತಿಯ ಮಿತಿಯಲ್ಲಿ ಜೀವನಾಂಶ ಕೇಳಬಹುದು. 1956ರದೇ ಆದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಅವನನ್ನು ಅವಲಂಬಿತರ ಪಟ್ಟಿಯಲ್ಲಿ ಸೇರಿಸಿದೆ. ‘ನೀವು ವಾರಸುದಾರರಲ್ಲ’ ಎಂಬ ಉತ್ತರ ಕೇಳಿ ಎದ್ದು ಬಂದ ಮುದುಕರಿಗೆ ಇದನ್ನು ಯಾರಾದರೂ ಹೇಳಲೇಬೇಕು.

‘ದರ್ಜೆ’ಯ ಬದಲು ‘ಸರದಿ’ ಬಳಸಿದರೆ ಹೇಗೆ? ‘ಮೊದಲ ಸರದಿಯ ವಾರಸುದಾರರು’ ಎಂದರೆ, ಅವರು ಯಾರೂ ಇಲ್ಲದಿದ್ದರೆ ಮಾತ್ರ ಮುಂದಿನವರು ಎಂಬುದು ತಾನಾಗಿ ತಿಳಿಯುತ್ತದೆ. ‘ಪಾಳಿ’ಯೂ ಆದೀತು, ಆದರೆ ಅದಕ್ಕೆ ಕಾರ್ಖಾನೆಯ ಕೆಲಸದ ಅರ್ಥ ಅಂಟಿದೆ. ‘ವರ್ಗ’ ತಪ್ಪಲ್ಲ, ಆದರೆ ಅದು ಕ್ರಮವನ್ನು ಹೇಳುವುದಿಲ್ಲ. ಹಳೆಯ ದಾವೆ ಕಾಗದಗಳಲ್ಲೋ ಪಾಲುಪಟ್ಟಿಗಳಲ್ಲೋ ಈ ಅರ್ಥಕ್ಕೆ ಬೇರೆ ಮಾತು ಕಂಡವರಿದ್ದರೆ, ವಾಕ್ಯದ ಸಮೇತ ತಿಳಿಸಿ.