ಲ್ಯಾವೆಂಡರ್ ಪ್ರೂನಿಂಗ್‌ಗೆ ‘ಸವರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಶಿರಸಿ ಸುತ್ತಿನ ಕೈತೋಟದವರಿಗಾಗಿ ಲ್ಯಾವೆಂಡರ್ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಮಣ್ಣು, ಬಿಸಿಲಿನ ಮಾತು ಸಲೀಸಾಗಿ ಬಂತು. ‘ನೀರು ಬಸಿದುಹೋಗಬೇಕು’ ಅಂದರೆ ಸಾಕು, ತೋಟದ ಬಸಿಗಾಲುವೆ ಕಂಡವರಿಗೆ ಜಾಸ್ತಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಇಡಿ ಅಂತ ಬರೆದದ್ದೂ ಆಯಿತು. ತೊಡಕಿರುವುದು ಪ್ರೂನಿಂಗ್‌ನಲ್ಲಿ, ಅಂದರೆ ಗಿಡವನ್ನು ಹದವಾಗಿ ಕತ್ತರಿಸುವ ಕೆಲಸಕ್ಕೆ ಕನ್ನಡದ ಮಾತು ಹುಡುಕುವುದರಲ್ಲಿ.

ನಮ್ಮಲ್ಲಿ ಬಾಯಿಗೆ ಬರುವ ಮಾತು ‘ಸವರು’. ಆದರೆ ಸೊಪ್ಪಿನ ಬೆಟ್ಟದಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ಸೊಪ್ಪು ಸವರಿ ರೂಢಿಯಾದವರಿಗೆ ಅದು ಕತ್ತಿ ಹಿಡಿದು ಕೊಂಬೆ ಬೋಳಿಸುವ ಕೆಲಸ. ಮತ್ತಿ ಮರ ಮತ್ತೆ ಚಿಗುರುತ್ತದೆ, ದಾಸವಾಳವೂ ಅಷ್ಟೇ. ಲ್ಯಾವೆಂಡರ್ ಹಾಗಲ್ಲ. ಅದರ ಬುಡದ ಕಡ್ಡಿ ವರ್ಷ ಕಳೆದಂತೆ ಬಲಿತು, ಎಲೆಯಿಲ್ಲದೆ, ಕಂದು ಕಟ್ಟಿಗೆಯಾಗುತ್ತದೆ. ಅಲ್ಲಿಗೆ ಕತ್ತರಿಸಿದರೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಹೂ ಬಾಡಿದ ಮೇಲೆ ಹೂಕಡ್ಡಿಯ ಜೊತೆಗೆ ಮೇಲಿನ ಹಸಿರನ್ನೂ ಒಂದಿಷ್ಟು ತೆಗೆಯಬೇಕು. ಕತ್ತರಿಸಿದ ಜಾಗದ ಕೆಳಗೆ ಎಲೆ ಉಳಿದಿರಲೇಬೇಕು. ಹಾಗಂತ ಮುಟ್ಟದೆ ಬಿಟ್ಟರೂ ಆಗದು. ಗಿಡ ಉದ್ದಕ್ಕೆ ಬೆಳೆದು, ನಡು ಬೋಳಾಗಿ, ಅತ್ತಿತ್ತ ಸೀಳಿ ಬೀಳುತ್ತದೆ.

ಇನ್ನು ಪೇಟೆಯವರಿಗೆ ‘ಸವರು’ ಅಂದರೆ ಎಣ್ಣೆ ಸವರುವುದು, ತಲೆ ಸವರುವುದು. ‘ಗಿಡ ಸವರಿ’ ಅಂದರೆ ಪ್ರೀತಿಯಿಂದ ಕೈಯಾಡಿಸಿ ಸುಮ್ನಾದಾರು. ಪರಿಮಳವಂತೂ ಬರುತ್ತದೆ ಬಿಡಿ.

ಬೇರೆ ಕಡೆಯ ಮಾತುಗಳನ್ನೂ ನೋಡಿದೆ. ಕಾಫಿ ಸೀಮೆಯಲ್ಲಿ ‘ಕಸಿ’, ‘ಮರಗಸಿ’ ಅನ್ನುತ್ತಾರೆ. ನಮ್ಮಲ್ಲಿ ಕಸಿ ಅಂದರೆ ಮಾವು, ಗೇರಿನ ಕಸಿ, ಅಂದರೆ ಕೂಡಿಸಿ ಕಟ್ಟುವುದು. ವಿಜಯಪುರದ ದ್ರಾಕ್ಷಿಯವರು ‘ಚಾಟ್ನಿ’ ಅನ್ನುತ್ತಾರೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ. ಮರಾಠಿಯಿಂದ ಬಂದದ್ದು, ಕಾರವಾರದವರಿಗೆ ತಿಳಿದೀತು. ಘಟ್ಟದ ಮೇಲೆ ಅದನ್ನು ಚಟ್ನಿ ಅಂತಲೇ ಓದಿಕೊಳ್ಳುತ್ತಾರೆ! ‘ಕುಡಿ ಚಿವುಟು’ ಚೆಂದದ ಮಾತು, ಆದರೆ ಅದು ಉಗುರಿನಲ್ಲಿ ಆಗುವ ಕೆಲಸ. ಎಳೆ ಸಸಿಗೆ ಸರಿ, ಬೆಳೆದ ಗಿಡಕ್ಕೆ ಸಾಲದು.

ಸದ್ಯಕ್ಕೆ ‘ಹಸಿರು ಉಳಿಸಿ ತುದಿ ಕತ್ತರಿಸಿ’ ಎಂದು ಬರೆದಿಟ್ಟಿದ್ದೇನೆ. ಒಂದೇ ಪದ ಬೇಕೆಂಬ ಹಟ ನನಗಿಲ್ಲ. ಗಿಡ ಬದುಕಿದರೆ ಸಾಕು. ಆದರೆ ಎಳೆ ಕಡ್ಡಿ ಮುಗಿದು ಬಲಿತ ಕಡ್ಡಿ ಶುರುವಾಗುವ ಆ ಜಾಗಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯಾ? ಭಟ್ಕಳದಲ್ಲಿ ಮಲ್ಲಿಗೆ ಬೆಳೆಯುವವರ ಬಳಿ ಇರಬಹುದು ಅನ್ನಿಸುತ್ತದೆ. ಆ ಗಿಡವನ್ನೂ ಕತ್ತರಿಸುತ್ತಾರೆ, ಅಲ್ವಾ? ಅವರು ಏನನ್ನುತ್ತಾರೆ ಅಂತ ಗೊತ್ತಿದ್ದವರು ತಿಳಿಸಿ.