ಲಟ್ಟಿಸುವಾಗ ಕಣಕ ಹಿಂದಕ್ಕೆ ಸರಿಯುವುದು, ಬಿರಿಯುವುದು, ಅಂಟುವುದು: ದೋಷ ಲಟ್ಟಣಿಗೆಯದೋ, ಕಣಕದ್ದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ಓವನ್‌ನಲ್ಲಿ ಟಾರ್ಟ್‌ಗಳನ್ನೂ ಅಚ್ಚಿನಿಂದ ಕತ್ತರಿಸುವ ಬಿಸ್ಕತ್ತುಗಳನ್ನೂ ಮಾಡಲು ಕಲಿಯುತ್ತಿದ್ದೇನೆ. ಮೈದಾ, ಬೆಣ್ಣೆ, ಸಕ್ಕರೆಗಳನ್ನು ತೂಗಿಯೇ ಹಾಕುವುದರಿಂದ ಅಳತೆಯಲ್ಲಿ ಹೆಚ್ಚುಕಡಿಮೆ ಆಗಿರಲಾರದು. ತೊಂದರೆ ಆರಂಭವಾಗುವುದು ಲಟ್ಟಣಿಗೆಯನ್ನು ಕೈಗೆತ್ತಿಕೊಂಡ ಮೇಲೆ. ಟಾರ್ಟಿನ ಕಣಕವನ್ನು ಎಷ್ಟೇ ಒತ್ತಿ ಲಟ್ಟಿಸಿದರೂ ಲಟ್ಟಣಿಗೆ ಎತ್ತಿದ ಕೂಡಲೇ ಹಾಳೆಯ ಅಂಚು ಹಿಂದಕ್ಕೆ ಸರಿಯುತ್ತದೆ. ಅದನ್ನೇ ಅಚ್ಚಿನಲ್ಲಿ ಹಾಸಿ ಬೇಯಿಸಿದರೆ ಬದಿಗಳು ಕುಗ್ಗಿ ಅಚ್ಚಿನ ಅರ್ಧದಷ್ಟು ಎತ್ತರಕ್ಕೆ ಇಳಿಯುತ್ತವೆ. ಬಿಸ್ಕತ್ತಿನ ಕಣಕದ ಸಮಸ್ಯೆ ಬೇರೆ. ಮೊದಲು ಅಂಚಿನಲ್ಲಿ ಬಿರಿಯುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಮಣೆಗೂ ಲಟ್ಟಣಿಗೆಗೂ ಮೆತ್ತಿಕೊಳ್ಳುತ್ತದೆ. ಒಣಹಿಟ್ಟು ಉದುರಿಸಿದರೆ ಅಂಟುವುದು ನಿಲ್ಲುತ್ತದೆ, ಆದರೆ ಬೆಂದ ಬಿಸ್ಕತ್ತು ಗಡುಸಾಗುತ್ತದೆ. ಇದರ ಜೊತೆಗೆ ಹಾಳೆಯ ನಡುಭಾಗ ದಪ್ಪ, ಅಂಚು ತೆಳು. ಹಾಗಾಗಿ ಒಂದೇ ಟ್ರೇಯಲ್ಲಿ ಕೆಲವು ಬಿಸ್ಕತ್ತುಗಳು ಕಂದಿದರೆ ಕೆಲವು ಬೇಯದೆ ಉಳಿಯುತ್ತವೆ.

ನನ್ನ ಬಳಿ ಇರುವುದು ಎರಡು ಕಡೆ ಹಿಡಿ ಇರುವ, ನಡುವಿನ ದಿಂಡು ಮಾತ್ರ ತಿರುಗುವ ಮರದ ಲಟ್ಟಣಿಗೆ. ಹಿಡಿಯಿಲ್ಲದ್ದನ್ನೋ ಅಮೃತಶಿಲೆಯದನ್ನೋ ತೆಗೆದುಕೊಂಡರೆ ಸರಿಹೋಗಬಹುದೇ? ಅಥವಾ ತಿದ್ದಿಕೊಳ್ಳಬೇಕಾದದ್ದು ಬೇರೆ ಏನಾದರೂ ಇದೆಯೇ? ಅನುಭವವುಳ್ಳವರು ದಯವಿಟ್ಟು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಹೊಸ ಲಟ್ಟಣಿಗೆ ಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ನೀವು ವಿವರಿಸಿದ ತೊಂದರೆಗಳಲ್ಲಿ ಹೆಚ್ಚಿನವು ಕಣಕ ಮಣೆಯ ಮೇಲೆ ಬರುವುದಕ್ಕೆ ಮುಂಚೆಯೇ ನಿರ್ಧಾರವಾಗಿರುತ್ತವೆ. ಟಾರ್ಟಿನದಕ್ಕೂ ಬಿಸ್ಕತ್ತಿನದಕ್ಕೂ ಮೂಲ ಬೇರೆ ಬೇರೆಯಾದ್ದರಿಂದ ಒಂದೊಂದಾಗಿ ನೋಡೋಣ.

ಹಿಂದಕ್ಕೆ ಸರಿಯುವುದು ಗ್ಲುಟನ್‌ನ ಕೆಲಸ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳಿಗೆ ನೀರು ತಾಗಿ, ಮೇಲಿಂದ ಕೈಯ ಒತ್ತಡವೂ ಸೇರಿದಾಗ ಅವು ಹೆಣೆದುಕೊಂಡು ಗ್ಲುಟನ್ ಆಗುತ್ತವೆ. ಕಣಕಕ್ಕೆ ಎಳೆದಷ್ಟು ಹಿಗ್ಗುವ ಗುಣ ಬರುವುದು ಮುಖ್ಯವಾಗಿ ಗ್ಲಯಾಡಿನ್‌ನಿಂದ, ಬಿಟ್ಟೊಡನೆ ಹಿಂದಿರುಗುವ ಬಿಗಿ ಬರುವುದು ಗ್ಲುಟೆನಿನ್‌ನಿಂದ. ಲಟ್ಟಿಸುವುದೂ ಒಂದು ಬಗೆಯ ನಾದುವಿಕೆಯೇ ಆದ್ದರಿಂದ, ಹಿಂದೆ ಸರಿಯುತ್ತಿರುವ ಕಣಕವನ್ನು ಇನ್ನಷ್ಟು ಬಲ ಹಾಕಿ ಒತ್ತಿದರೆ ಆ ಬಿಗಿ ಇನ್ನೂ ಹೆಚ್ಚುತ್ತದೆಯೇ ಹೊರತು ಕಣಕ ನಿಮ್ಮ ಮಾತು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಬಿಡುವು. ಕಲಸಿದ ಮೇಲೆ ಗಾಳಿಯಾಡದಂತೆ ಸುತ್ತಿ ಕನಿಷ್ಠ 30 ನಿಮಿಷ ಫ್ರಿಜ್‌ನಲ್ಲಿಡಿ. ಲಟ್ಟಿಸುವ ನಡುವೆ ಅಂಚು ಹಿಂದೆ ಸರಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಮುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ಮುಂದುವರಿಸಿ. ಹಾಗೆಯೇ ಕಲಸುವಾಗ ತಣ್ಣೀರನ್ನು ಚಮಚ ಚಮಚವಾಗಿ ಹಾಕಿ, ಹಿಟ್ಟು ಒಟ್ಟುಗೂಡಿದ ಕೂಡಲೇ ಕೈ ತೆಗೆಯಬೇಕು. ನುಣುಪಾಗುವವರೆಗೆ ನಾದುವುದು ಬ್ರೆಡ್ಡಿಗೆ ಸಲ್ಲುವ ಕ್ರಮ, ಟಾರ್ಟಿಗಲ್ಲ.

ಬದಿಗಳು ಕುಗ್ಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಾಳೆ ಚಿಕ್ಕದಾಯಿತೆಂದು ಅದನ್ನು ಅಚ್ಚಿನೊಳಗೆ ಎಳೆದು ಹೊಂದಿಸಿದರೆ, ಎಳೆದಷ್ಟನ್ನೂ ಅದು ಓವನ್‌ನ ಬಿಸಿಯಲ್ಲಿ ಹಿಂದಕ್ಕೆ ಪಡೆಯುತ್ತದೆ. ಆದ್ದರಿಂದ ಅಚ್ಚಿನ ತಳ ಮತ್ತು ಎರಡೂ ಬದಿಯ ಎತ್ತರ ಸೇರಿದಷ್ಟಕ್ಕಿಂತ ತುಸು ಹೆಚ್ಚೇ ಅಗಲವಾಗಿ ಲಟ್ಟಿಸಿಕೊಂಡು, ಅಂಚನ್ನು ಎತ್ತಿ ಹಿಡಿದು ಹಾಳೆ ತಾನಾಗಿ ಮೂಲೆಗೆ ಇಳಿಯಲು ಬಿಡಬೇಕು. ಆಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಬೇಕು. ಹಾಸಿದ ಮೇಲೆ ಅಚ್ಚಿನ ಸಮೇತ ಮತ್ತೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಅನಂತರ ಬೇಯಿಸಿ.

ಇನ್ನು ಬಿರಿಯುವುದು ಮತ್ತು ಅಂಟುವುದು. ಇವೆರಡೂ ಬೆಣ್ಣೆಯ ಉಷ್ಣಾಂಶಕ್ಕೆ ಸಂಬಂಧಿಸಿದವು. ಫ್ರಿಜ್‌ನ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಣ್ಣೆ ಗಟ್ಟಿ. ಹೊರಗೆ ತೆಗೆದ ಕೂಡಲೇ ಲಟ್ಟಿಸಿದರೆ ಅದು ಬಾಗಲಾರದೆ ಬಿರಿಯುತ್ತದೆ. 15 ಡಿಗ್ರಿಯ ಆಸುಪಾಸಿನಲ್ಲಿ ಅದು ಮುರಿಯದೆ ಬಾಗುತ್ತದೆ, 20 ದಾಟಿದರೆ ಮೆತ್ತಗಾಗಿ ಮಣೆಗೆ ಹತ್ತುತ್ತದೆ, 32 ಡಿಗ್ರಿ ದಾಟಿದ ಮೇಲೆ ಕರಗಿಯೇ ಹೋಗುತ್ತದೆ. ಅಂದರೆ ಲಟ್ಟಿಸಲು ಯೋಗ್ಯವಾದ ಹದ ಉಳಿಯುವುದು ಸ್ವಲ್ಪ ಹೊತ್ತು ಮಾತ್ರ. ತಣ್ಣಗಿರುವ ಕಣಕವನ್ನು ಐದರಿಂದ ಹತ್ತು ನಿಮಿಷ ಹೊರಗಿಟ್ಟು, ಬೆರಳಿನಿಂದ ಒತ್ತಿದರೆ ಬಿರಿಯದೆ ಗುರುತು ಬೀಳುವ ಹದಕ್ಕೆ ಬಂದಾಗ ಲಟ್ಟಣಿಗೆ ಹಿಡಿಯಿರಿ. ಮೇಲ್ಮೈ ಹೊಳೆಯತೊಡಗಿದರೆ ಬೆಣ್ಣೆ ಸೋಲುತ್ತಿದೆ ಎಂದರ್ಥ. ಆಗ ಒಣಹಿಟ್ಟಿನ ಡಬ್ಬಿಗೆ ಕೈ ಹಾಕಬೇಡಿ. ಇದ್ದ ಹಾಗೆಯೇ ಟ್ರೇಯ ಮೇಲಿಟ್ಟು ಹದಿನೈದು ನಿಮಿಷ ಫ್ರಿಜ್‌ಗೆ ಸೇರಿಸಿ.

ಎರಡನೆಯ ಉತ್ತರ

ಮೇಲಿನವರು ಕಣಕದ ವಿಷಯವನ್ನು ಸಮಗ್ರವಾಗಿ ಹೇಳಿದ್ದಾರೆ. ನಾನು ಉಪಕರಣ ಮತ್ತು ಕೈಯ ಚಲನೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಡುವೆ ದಪ್ಪ, ಅಂಚಿನಲ್ಲಿ ತೆಳು ಎಂಬ ನಿಮ್ಮ ದೂರಿಗೆ ಉತ್ತರ ಇರುವುದು ಅಲ್ಲಿ.

ಲಟ್ಟಣಿಗೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನ ಆಚೆಯವರೆಗೆ ಉರುಳಿಸುವುದು ಸಾಮಾನ್ಯ ಅಭ್ಯಾಸ. ಅಂಚನ್ನು ದಾಟಿ ಕೆಳಗಿಳಿಯುವ ಗಳಿಗೆಯಲ್ಲಿ ಪೂರ್ತಿ ಭಾರ ಅಂಚಿನ ಮೇಲೆ ಬೀಳುವುದರಿಂದ ಅದು ತೆಳುವಾಗಿ ಮಣೆಗೆ ಅಂಟುತ್ತದೆ. ಹಾಗಲ್ಲದೆ, ಲಟ್ಟಣಿಗೆಯನ್ನು ನಡುವೆ ಇಟ್ಟು ಹೊರಕ್ಕೆ ತಳ್ಳಿ, ಅಂಚು ಇನ್ನು ಬೆರಳಗಲ ಇದೆ ಎನ್ನುವಾಗ ಒತ್ತಡವನ್ನು ಸಡಿಲಿಸಿ ಎತ್ತಿಬಿಡಬೇಕು. ಮತ್ತೆ ನಡುವಿನಿಂದಲೇ ಎದುರು ದಿಕ್ಕಿಗೆ ತಳ್ಳಬೇಕು. ಎರಡು ಮೂರು ಸಲ ತಳ್ಳಿದ ಮೇಲೆ ಕಣಕವನ್ನು ಕಾಲು ಸುತ್ತು ತಿರುಗಿಸಿ. ಹೀಗೆ ತಿರುಗಿಸುವುದರಿಂದ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಅಷ್ಟೇ ಅಲ್ಲ, ತಳದಲ್ಲಿ ಅಂಟುತ್ತಿದ್ದರೆ ಅದು ಆರಂಭದಲ್ಲೇ ಕೈಗೆ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಲಟ್ಟಿಸುವುದರಲ್ಲಿ ಇದಕ್ಕಿಂತ ಮುಖ್ಯವಾದ ಅಭ್ಯಾಸ ಇನ್ನೊಂದಿಲ್ಲ.

ಫ್ರಿಜ್‌ಗೆ ಇಡುವಾಗಲೇ ಕಣಕವನ್ನು ಉಂಡೆ ಮಾಡದೆ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆಯಾಗಿ ತಟ್ಟಿಡಿ. ದುಂಡನೆಯ ಟಾರ್ಟಿಗೆ ದುಂಡು ಬಿಲ್ಲೆ, ಬಿಸ್ಕತ್ತಿಗೆ ಚೌಕ ಬಿಲ್ಲೆ. ಉಂಡೆಯನ್ನು ಹಾಳೆಯಾಗಿಸಲು ಬೇಕಾಗುವ ಶ್ರಮದಲ್ಲಿ ಅರ್ಧ ಇಲ್ಲೇ ಉಳಿಯುತ್ತದೆ, ಅಂಚು ಬಿರಿಯುವುದೂ ಕಡಿಮೆಯಾಗುತ್ತದೆ.

ಈಗ ಲಟ್ಟಣಿಗೆ. ಹಿಡಿಯುಳ್ಳದ್ದರಲ್ಲಿ ಕೈಗಳು ತುದಿಯಲ್ಲಿರುವುದರಿಂದ ಕಣಕ ಎಲ್ಲಿ ದಪ್ಪವಿದೆ ಎಂಬುದು ಅಂಗೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಉದ್ದಕ್ಕೂ ಒಂದೇ ಗಾತ್ರದ ಹಿಡಿಯಿಲ್ಲದ ದಿಂಡು ಸಮನಾದ ಹಾಳೆಗೆ ಉತ್ತಮ. ನಡುವೆ ದಪ್ಪವಿದ್ದು ತುದಿಗೆ ಸಪೂರವಾಗುವಂಥದ್ದು ಓರೆಯಾಗಿ ತಿರುಗಿಸಲು ಸುಲಭವಾದ್ದರಿಂದ ದುಂಡನೆಯ ಹಾಳೆಗೆ ಒಗ್ಗುತ್ತದೆ. ಅಮೃತಶಿಲೆಯದು ತಂಪಾಗಿಯೇನೋ ಇರುತ್ತದೆ, ಆದರೆ ಅದರ ಭಾರ ಮೆತ್ತನೆಯ ಕಣಕಕ್ಕೆ ಅನಗತ್ಯ, ಮಣಿಕಟ್ಟಿಗೂ ಶ್ರಮ. ತಂಪು ಬೇಕಿದ್ದರೆ ಲಟ್ಟಣಿಗೆಗಿಂತ ಕಲ್ಲಿನ ಹಾಸಿನ ಮೇಲೆ ಲಟ್ಟಿಸುವುದೇ ಹೆಚ್ಚು ಫಲಕಾರಿ, ಏಕೆಂದರೆ ಕಣಕ ಸದಾ ತಾಗಿಕೊಂಡಿರುವುದು ಹಾಸಿಗೆ. ಯಾವುದೇ ಆಗಲಿ, ಅದು ಹಾಳೆಯ ಅಗಲಕ್ಕಿಂತ ಉದ್ದವಾಗಿರಲಿ. ಗಿಡ್ಡವಾದರೆ ತುದಿಗಳು ಕಣಕದ ಮೇಲೆ ಗೀರು ಬಿಡುತ್ತವೆ.

ದಪ್ಪದ ಲೆಕ್ಕ ಕೈಗೆ ಒಗ್ಗುವವರೆಗೆ ಒಂದೇ ದಪ್ಪದ ಎರಡು ಮರದ ಪಟ್ಟಿಗಳನ್ನು ಕಣಕದ ಎರಡೂ ಬದಿಗೆ ಇಟ್ಟುಕೊಳ್ಳಿ. ಟಾರ್ಟಿಗೆ 3 ಮಿಲಿಮೀಟರ್, ಅಚ್ಚಿನ ಬಿಸ್ಕತ್ತಿಗೆ 5 ಮಿಲಿಮೀಟರ್ ಸಾಕು. ಲಟ್ಟಣಿಗೆಯ ತುದಿಗಳು ಪಟ್ಟಿಯ ಮೇಲೆ ಕುಳಿತ ಮೇಲೆ ಕಣಕ ಅದಕ್ಕಿಂತ ತೆಳುವಾಗಲು ಅವಕಾಶವೇ ಇರುವುದಿಲ್ಲ. ನಿಮ್ಮಲ್ಲಿರುವ ಲಟ್ಟಣಿಗೆಯಲ್ಲೇ ಇದನ್ನು ಮಾಡಬಹುದು, ದಿಂಡು ಮಾತ್ರ ಪಟ್ಟಿಗಳನ್ನು ಮುಟ್ಟುವಷ್ಟು ಉದ್ದವಿರಬೇಕು.

ಮೂರನೆಯ ಉತ್ತರ

ಬಿಸ್ಕತ್ತಿನ ಮಟ್ಟಿಗೆ ನನ್ನ ಅಭಿಪ್ರಾಯ ಮೊದಲ ಉತ್ತರಕ್ಕಿಂತ ಭಿನ್ನವಾಗಿದೆ. ಮೊದಲು ತಣಿಸಿ ಆಮೇಲೆ ಲಟ್ಟಿಸುವ ಕ್ರಮವನ್ನೇ ತಿರುವಿಹಾಕುವುದು ಒಳ್ಳೆಯದು. ಕಲಸಿದ ಕಣಕ ಇನ್ನೂ ಮೆತ್ತಗಿರುವಾಗಲೇ ಎರಡು ಬೇಕಿಂಗ್ ಕಾಗದಗಳ ನಡುವೆ ಇಟ್ಟು 5 ಮಿಲಿಮೀಟರಿಗೆ ಲಟ್ಟಿಸಿ, ಕಾಗದದ ಸಮೇತ ಟ್ರೇಯ ಮೇಲೆ ಸಮತಟ್ಟಾಗಿಟ್ಟು ಫ್ರಿಜ್‌ಗೆ ಸೇರಿಸಿ. ಮೆತ್ತನೆಯ ಕಣಕಕ್ಕೆ ಬಲ ಬೇಕಾಗದು, ಅಂಚು ಬಿರಿಯದು, ಒಣಹಿಟ್ಟಿನ ಪ್ರಶ್ನೆಯೇ ಏಳದು. ತೆಳು ಹಾಳೆ ದಪ್ಪ ಬಿಲ್ಲೆಗಿಂತ ಬಹಳ ಬೇಗ ತಣಿಯುವುದರಿಂದ ಅರ್ಧ ಗಂಟೆಯಲ್ಲೇ ಅಚ್ಚು ಒತ್ತಲು ಬರುತ್ತದೆ. ಲಟ್ಟಿಸುವಾಗ ಕಾಗದ ಸುಕ್ಕುಗಟ್ಟಿದರೆ ಆ ಸುಕ್ಕು ಕಣಕದ ಮೇಲೆ ಗೆರೆಯಾಗಿ ಉಳಿಯುತ್ತದೆ. ಆದ್ದರಿಂದ ನಡುನಡುವೆ ಕಾಗದವನ್ನು ಬಿಡಿಸಿ ಮತ್ತೆ ಹಾಸಿ, ಇಡಿಯಾಗಿ ಮಗುಚಿ, ಇನ್ನೊಂದು ಬದಿಗೂ ಹಾಗೆಯೇ ಮಾಡಿ.

ಟಾರ್ಟಿಗೆ ಮಾತ್ರ ನಾನೂ ತಣಿಸಿಯೇ ಲಟ್ಟಿಸುತ್ತೇನೆ, ಏಕೆಂದರೆ ಅಲ್ಲಿ ಬೆಣ್ಣೆ ಅಲ್ಲಲ್ಲಿ ತುಣುಕಾಗಿ ಉಳಿದಷ್ಟೂ ಪದರ ಬಿಡುತ್ತದೆ. ಒಣಹಿಟ್ಟು ಬಳಸುವುದಾದರೆ ಮಣೆಯ ಮೇಲೆ ತೆಳುವಾಗಿ ಚಿಮುಕಿಸಿ, ಲಟ್ಟಿಸಿದ ಮೇಲೆ ಉಳಿದದ್ದನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನಿಮ್ಮ ಬಿಸ್ಕತ್ತು ಗಡುಸಾಗಿರುವುದಕ್ಕೆ ಒಣಹಿಟ್ಟಿನ ಜೊತೆಗೆ ಕತ್ತರಿಸಿ ಉಳಿದ ಚೂರುಗಳನ್ನು ಮತ್ತೆ ಮತ್ತೆ ನಾದಿ ಲಟ್ಟಿಸಿದ್ದೂ ಕಾರಣವಾಗಿರಬಹುದು. ಚೂರುಗಳನ್ನು ಮುದ್ದೆ ಮಾಡದೆ ಪಕ್ಕಪಕ್ಕಕ್ಕೆ ಜೋಡಿಸಿ, ಒತ್ತಿ, ತಣಿಸಿ, ಇನ್ನೊಂದೇ ಸಲ ಲಟ್ಟಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಗದದ ನಡುವೆ ಲಟ್ಟಿಸುವ ಕ್ರಮವನ್ನು ಅನುಸರಿಸಿದೆ. ಬಿಸ್ಕತ್ತುಗಳು ಒಂದೇ ದಪ್ಪದಲ್ಲಿ, ಒಂದೇ ಬಣ್ಣದಲ್ಲಿ ಬೆಂದವು. ಟಾರ್ಟಿನ ಬದಿಗಳೂ ಬಹುಮಟ್ಟಿಗೆ ನಿಂತಿವೆ. ಪಫ್ ಪೇಸ್ಟ್ರಿಗೂ ಇದೇ ನಿಯಮಗಳು ಅನ್ವಯಿಸುತ್ತವೆಯೇ, ಅಥವಾ ಅಲ್ಲಿ ಲಟ್ಟಿಸುವ ರೀತಿ ಬೇರೆಯೇ?

ಮೊದಲ ಉತ್ತರ ಬರೆದವರಿಂದ

ನಿಯಮಗಳು ಅವೇ, ಆದರೆ ಅಲ್ಲಿ ಸಡಿಲಿಕೆಗೆ ಜಾಗವಿಲ್ಲ. ಕಣಕದೊಳಗೆ ಬೆಣ್ಣೆಯ ಹಾಳೆಯನ್ನಿಟ್ಟು ಲಟ್ಟಿಸಿ ಮೂರು ಮಡಿಕೆಯಾಗಿ ಮಡಿಸುವುದನ್ನು ಆರು ಸಲ ಮಾಡಿದರೆ ಬೆಣ್ಣೆಯ ಪದರಗಳು ಲೆಕ್ಕದಲ್ಲಿ 729 ಆಗುತ್ತವೆ. ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರಿರುತ್ತದೆ. ಆ ನೀರೂ ಕಣಕದ ನೀರೂ ಓವನ್‌ನಲ್ಲಿ ಆವಿಯಾಗಿ ಪದರಗಳನ್ನು ಎತ್ತುತ್ತವೆ. ಪದರಗಳು ಒಂದರೊಳಗೊಂದು ಬೆರೆತುಹೋದರೆ ಆವಿಗೆ ಎತ್ತಲು ಏನೂ ಉಳಿಯುವುದಿಲ್ಲ. ಆದ್ದರಿಂದ ಬೆಣ್ಣೆಯೂ ಕಣಕವೂ ಒಂದೇ ಗಡಸುತನದಲ್ಲಿರಬೇಕು. ಬೆಣ್ಣೆ ಹೆಚ್ಚು ಗಟ್ಟಿಯಿದ್ದರೆ ಒಳಗೇ ತುಂಡಾಗುತ್ತದೆ, ಹೆಚ್ಚು ಮೆತ್ತಗಿದ್ದರೆ ಅಂಚಿನಿಂದ ಹೊರಬರುತ್ತದೆ.

ಲಟ್ಟಿಸಲು ತೊಡಗುವಾಗ ಉರುಳಿಸಬೇಡಿ. ಲಟ್ಟಣಿಗೆಯನ್ನು ಅಡ್ಡಲಾಗಿ ಇಟ್ಟು, ಎತ್ತಿ, ಸ್ವಲ್ಪ ಮುಂದೆ ಇಟ್ಟು, ಹೀಗೆ ಉದ್ದಕ್ಕೂ ಒತ್ತುಗಳನ್ನು ಕೊಟ್ಟ ಮೇಲೆ ಉದ್ದಕ್ಕೆ ಉರುಳಿಸಿ. ಮಡಿಸಿದ ಮೇಲೆ ಕಾಲು ಸುತ್ತು ತಿರುಗಿಸಿ, ಹಿಂದಿನ ಸಲ ಅಗಲವಾಗಿದ್ದದ್ದು ಈ ಸಲ ಉದ್ದವಾಗುವಂತೆ ಲಟ್ಟಿಸಬೇಕು. ಪ್ರತಿ ಎರಡು ಮಡಿಕೆಗಳಿಗೊಮ್ಮೆ ಕನಿಷ್ಠ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕೊನೆಯಲ್ಲಿ ಹರಿತವಾದ ಚಾಕುವನ್ನು ನೇರವಾಗಿ ಕೆಳಕ್ಕೆ ಒತ್ತಿ ಕತ್ತರಿಸಿ; ಮೊಂಡು ಚಾಕುವನ್ನು ಎಳೆದರೆ ಅಂಚಿನ ಪದರಗಳು ಒಂದಕ್ಕೊಂದು ಅಂಟಿ ಆ ಬದಿ ಮೇಲೇಳುವುದಿಲ್ಲ.

ಎರಡನೆಯ ಉತ್ತರ ಬರೆದವರಿಂದ

ಒಂದು ಮಾತು ಬಿಟ್ಟುಹೋಗಿತ್ತು. ಮರದ ಲಟ್ಟಣಿಗೆಯನ್ನು ನೀರಿನಲ್ಲಿ ನೆನೆಯಲು ಬಿಡಬೇಡಿ, ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಕಬೇಡಿ. ನೀರು ಕುಡಿದ ಮರ ಉಬ್ಬಿ, ಒಣಗುವಾಗ ಬಾಗಿ ಸೀಳುತ್ತದೆ, ಬಾಗಿದ ಲಟ್ಟಣಿಗೆಯಿಂದ ಸಮನಾದ ಹಾಳೆ ಬರುವುದಿಲ್ಲ. ಮೆತ್ತಿದ ಕಣಕವನ್ನು ಕೆರೆದು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ ಗಾಳಿಗಿಡಿ. ಹಿಡಿಯಿರುವ ಲಟ್ಟಣಿಗೆಯಲ್ಲಿ ದಿಂಡು ಮತ್ತು ಹಿಡಿ ಸೇರುವ ಸಂದಿಯನ್ನು ಮರೆಯದೆ ನೋಡಿ, ಹಿಟ್ಟು ಸೇರಿಕೊಳ್ಳುವುದು ಅಲ್ಲಿಯೇ.